ಇವತ್ತಿಂದೋ, ನಿನ್ನೇದೋ?

ಕಾರವಾರದ ಬೈತಖೋಲ್ ಬಂದರಿನ ಚಾ ಅಂಗಡಿಯಲ್ಲಿ ಈ ವಾರ ಕಿವಿಗೆ ಬಿದ್ದದ್ದು ಎರಡೇ ಮಾತು. ಬೋಟಿಗೆ ಐಸ್ ತುಂಬಿ ಬಂದ ಹುಡುಗನೊಬ್ಬ ಮೊಬೈಲನ್ನು ಗ್ಲಾಸಿಗೆ ಒರಗಿಸಿ, ಪಾಡ್‌ಕಾಸ್ಟ್ (ಇಳಿಸಿಕೊಂಡು ಬೇಕೆಂದಾಗ ಕೇಳುವ ರೇಡಿಯೋ ಕಂತು) ಆ್ಯಪ್‌ನಲ್ಲಿ ಸಮಾಚಾರ ಹಚ್ಚಿದ್ದ. ಕೊನೆಗೆ ಹವಾಮಾನ ಬಂತು: ಮುಂದಿನ 24 ಗಂಟೆ ಕರಾವಳಿಯಲ್ಲಿ ಸಾಧಾರಣ ಮಳೆ, ಮೀನುಗಾರರಿಗೆ ವಿಶೇಷ ಎಚ್ಚರಿಕೆ ಇಲ್ಲ. ಬೆಂಚಿನ ತುದಿಯಲ್ಲಿ ಬೀಡಿ ಸೇದುತ್ತಿದ್ದ ತಾಂಡೇಲ, ಅಂದರೆ ಬೋಟು ನಡೆಸುವವ, ತಲೆ ಎತ್ತದೇ ಕೇಳಿದ:

"ಇದು ಇವತ್ತಿಂದೋ, ನಿನ್ನೇದೋ?"

"ಈಗಷ್ಟೇ ಹಚ್ಚಿದ್ನಲ್ಲ ಮಾರಾಯ!"

ಅದು ನಿನ್ನೆಯದೇ. ಅವತ್ತು ಬೆಳಿಗ್ಗೆ ಬಂದ ಹೊಸ ವರದಿಯಲ್ಲಿ ಗಾಳಿ ಗಂಟೆಗೆ 45ರಿಂದ 55 ಕಿ.ಮೀ., ಸಮುದ್ರಕ್ಕೆ ಇಳಿಯಬೇಡಿ ಎಂದಿತ್ತು. ತಾಂಡೇಲ ನಕ್ಕ ರೀತಿ ನೋಡಬೇಕಿತ್ತು. ಮೊಬೈಲ್ ಸೋತರೆ ತಾನೇ ಗೆದ್ದಂತೆ ಬೀಗುವ ಜಾತಿಯ ಮನುಷ್ಯ; ಹುಡುಗನಿಗೆ ಸರಿಯಾಗಿ ಹೇಳಿಕೊಡುವ ಬದಲು ಇಡೀ ಅಂಗಡಿಗೆ ಕೇಳುವಂತೆ ಗೇಲಿ ಮಾಡಿದ. ಆದರೂ ಕೇಳಿದ ಪ್ರಶ್ನೆ ಸರಿ. ಹುಡುಗನ ಉತ್ತರವೂ ದಡ್ಡತನದ್ದಲ್ಲ. ರೇಡಿಯೋ ಹುಟ್ಟಿದಾಗಿನಿಂದ ‘ಈಗ ಹಚ್ಚಿದ್ದು’ ಅಂದರೆ ‘ಈಗಿನದ್ದು’ ಅಂತಲೇ ಅರ್ಥ. ಅವನು ಆ ಹಳೇ ನಂಬಿಕೆಯನ್ನೇ ಹೊಸ ಯಂತ್ರಕ್ಕೆ ಒಯ್ದಿದ್ದ, ಅಷ್ಟೇ.

ತಪ್ಪು ಎಲ್ಲಿ ಆಗುತ್ತದೆ ಅಂದರೆ, ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ‘ಪ್ಲೇ’ ಒತ್ತಿದರೆ ಅದು ಹೊಸ ಕಂತನ್ನು ಹುಡುಕುವುದಿಲ್ಲ. ಹಿಂದಿನ ಸಲ ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಂದ ಮುಂದುವರಿಸುತ್ತದೆ. ಕಥೆ ಕೇಳುವವನಿಗೆ ಇದು ಉಪಕಾರ, ಹವಾಮಾನ ಕೇಳುವವನಿಗೆ ಕುತ್ತು. ಎರಡನೆಯದು, ಹೊಸ ಕಂತು ಬಂದಿದೆಯೇ ಎಂದು ಆ್ಯಪ್ ಫೀಡನ್ನು (ಕಾರ್ಯಕ್ರಮದ ಕಂತುಗಳ ಪಟ್ಟಿ) ನೋಡಿ ಬರುವುದು ತನಗೆ ಹೇಳಿಟ್ಟ ಅವಧಿಗೊಮ್ಮೆ ಮಾತ್ರ. ಅದನ್ನು 24 ಗಂಟೆಗೆ ಇಟ್ಟಿದ್ದರೆ, ಅಥವಾ ಬ್ಯಾಟರಿ ಉಳಿಸುವ ಹೆಸರಿನಲ್ಲಿ ಫೋನೇ ಆ್ಯಪನ್ನು ಮಲಗಿಸಿದ್ದರೆ, ಹೊಸದು ಬಂದೇ ಇರುವುದಿಲ್ಲ. ಪ್ರತಿ ಕಂತಿನ ಜೊತೆ ಪ್ರಕಟವಾದ ದಿನ, ಗಂಟೆ ಫೀಡಿನಲ್ಲಿ ಬರೆದೇ ಇರುತ್ತದೆ. ಆದರೆ ಫೋನ್ ಕಿಸೆಯಲ್ಲಿದ್ದು ದನಿ ಮಾತ್ರ ಹೊರಗಿದ್ದಾಗ ಆ ಅಕ್ಷರ ಯಾರಿಗೆ ಕಾಣಬೇಕು? ಇನ್ನು ವಾಟ್ಸಾಪಿನಲ್ಲಿ ಕತ್ತರಿಸಿ ಕಳಿಸಿದ ತುಣುಕಿಗಂತೂ ತಾರೀಖೇ ಇಲ್ಲ. ಗುಂಪಿನಲ್ಲಿ ಕಾಣುವುದು ಕಳಿಸಿದವನ ಹೊತ್ತು, ಹೇಳಿದವರದ್ದಲ್ಲ.

ಹಳೇ ರೇಡಿಯೋಗೆ ತಾರೀಖಿನ ಹಂಗಿರಲಿಲ್ಲ. ಅದೇ ಗಡಿಯಾರವಾಗಿತ್ತು. 1974ರ ಜೂನ್ 30ರಂದು ಶುರುವಾದ ಸಂಸ್ಕೃತ ವಾರ್ತೆ ಬೆಳಿಗ್ಗೆ 6.55ಕ್ಕೆ ಬಂದರೆ, ಒಂದಕ್ಷರ ಸಂಸ್ಕೃತ ಬಾರದವರೂ ಏಳಕ್ಕೆ ಐದು ನಿಮಿಷ ಇದೆ ಎಂದು ಮಕ್ಕಳನ್ನು ಎಬ್ಬಿಸುತ್ತಿದ್ದರು. ಓದುವವರು ‘ಇಂದು’, ‘ನಾಳೆ’, ‘ಮುಂದಿನ 24 ಗಂಟೆ’ ಅಂದರೆ ಸಾಕಿತ್ತು. ಯಾವ ಇಂದು ಎಂಬುದನ್ನು ಗಾಳಿಯೇ ಹೊತ್ತು ತರುತ್ತಿತ್ತು. ಅದೇ ವಾಕ್ಯವನ್ನು ಈಗ ಕಡತವಾಗಿ ಇಳಿಸಿಟ್ಟರೆ ‘ಮುಂದಿನ 24 ಗಂಟೆ’ ಪ್ರತಿ ಸಲ ಒತ್ತಿದಾಗಲೂ ಹೊಸದಾಗಿ ಶುರುವಾಗುತ್ತದೆ. ಹುಡುಗನ "ಈಗಷ್ಟೇ ಹಚ್ಚಿದ್ನಲ್ಲ" ನಿಂತಿದ್ದು ಇದೇ ಜಾಗದಲ್ಲಿ.

ನೇರಪ್ರಸಾರವಾದರೂ ಪೂರ್ತಿ ನೇರವಲ್ಲ. ಇಂಟರ್ನೆಟ್ಟಿನಲ್ಲಿ ಬರುವ ರೇಡಿಯೋವನ್ನು ಸಾಮಾನ್ಯವಾಗಿ ಆರರಿಂದ ಹತ್ತು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ಫೋನು ಮೂರು ತುಂಡು ಕೈಯಲ್ಲಿಟ್ಟುಕೊಂಡೇ ಬಾಯಿ ಬಿಡುವುದು. ಹಾಗಾಗಿ 102.3ರ ಕಾರವಾರ ಎಫ್‌ಎಂ ಸೆಟ್ಟಿನಲ್ಲಿ ಬಂದ ಮಾತು, ಪಕ್ಕದ ಫೋನಿನಲ್ಲಿ ಅರ್ಧ ನಿಮಿಷ ತಡವಾಗಿ ಬಂದರೆ ಗಾಬರಿ ಬೇಡ. ಗಡಿಯಾರ ಮಾತ್ರ ಅದಕ್ಕೆ ಹೊಂದಿಸಬೇಡಿ.

ಕುಮಟಾ-ಶಿರಸಿ ದಾರಿಯ ದೇವಿಮನೆ ಘಾಟಿಯಲ್ಲಿ ನೇರಪ್ರಸಾರ ಕಡಿದು ಕಡಿದು ಬರುವುದೂ, ಪಾಡ್‌ಕಾಸ್ಟ್ ಸಲೀಸಾಗಿ ಓಡುವುದೂ ಇದರಿಂದಲೇ. ಇಳಿಸಿಕೊಂಡ ಕಂತು ಪೂರ್ತಿ ಫೋನಿನೊಳಗಿದೆ. ನೇರಪ್ರಸಾರದಲ್ಲಿ ಇನ್ನೂ ಆಡದ ಮಾತನ್ನು ಮೊದಲೇ ಇಳಿಸಿಕೊಳ್ಳಲು ಯಾವ ಫೋನಿಗೂ ಆಗದು. ಕೈಯಲ್ಲಿದ್ದ ಮೂರು ತುಂಡು ಮುಗಿದ ಮೇಲೆ ತಿರುವಿನಲ್ಲಿ ಮೌನವೇ. ಎಫ್‌ಎಂ ಅಲೆ ಗುಡ್ಡ ಹತ್ತುವುದಿಲ್ಲ. ಶಿರಸಿ, ಸಿದ್ದಾಪುರ ಕಡೆಯ ಮನೆಗಳು ಧಾರವಾಡದ 765 ಕಿಲೋಹರ್ಟ್ಸ್ ಮೀಡಿಯಂ ವೇವ್ ಹಿಡಿದು ಕೂತಿದ್ದಕ್ಕೂ ಅದೇ ಕಾರಣ.

ಡೇಟಾ ಖರ್ಚಿನ ಬಗ್ಗೆ ಜನರಿಗೆ ಸುಮ್ಮನೆ ಹೆದರಿಕೆ. ಲೆಕ್ಕ ಸುಲಭ: ಬಿಟ್‌ರೇಟನ್ನು (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬ ಲೆಕ್ಕ, ಅದೇ ಕೆಬಿಪಿಎಸ್) 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಎಂಬಿ ಎಂದು ಸಿಗುತ್ತದೆ. 64 ಕೆಬಿಪಿಎಸ್ ಆದರೆ ಗಂಟೆಗೆ 28.8 ಎಂಬಿ, 128 ಆದರೆ 57.6. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದವರು 64ರಲ್ಲಿ ದಿನವಿಡೀ ಕೇಳಿದರೂ ಅರ್ಧ ಖರ್ಚಾಗದು. ಮಲೆನಾಡಿನಲ್ಲಿ ಕೊರತೆ ಡೇಟಾದ್ದಲ್ಲ, ಟವರಿನದ್ದು. ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಎಷ್ಟು ಜಿಬಿ ಇದ್ದೇನು? ಆದ್ದರಿಂದ ವೈಫೈ ಇರುವಲ್ಲಿ ರಾತ್ರಿಯೇ ಇಳಿಸಿಡಬೇಕು. ಆಂಟೆನಾಪಾಡ್‌ನಂಥ ಉಚಿತ ಆ್ಯಪ್ ಹಾಕಿ, ಕಾರ್ಯಕ್ರಮಕ್ಕೆ ಚಂದಾದಾರರಾಗಿ, ಸ್ವಯಂ ಡೌನ್‌ಲೋಡ್ ಆನ್ ಮಾಡಿ, ಮೊಬೈಲ್ ಡೇಟಾದಲ್ಲಿ ಬೇಡ ಎಂದಿಡಿ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ನ ಬ್ಯಾಟರಿ ನಿರ್ಬಂಧವನ್ನೂ ತೆಗೆಯಿರಿ. ಎಲ್ಲರೂ ಮರೆಯುವುದು ಈ ಕೊನೆಯದನ್ನೇ. ಸಮಾಚಾರದ ಫೀಡಿಗೆ ಮಾತ್ರ ಬೇರೆ ನಿಯಮ: ಕೇಳಿದ ಕೂಡಲೇ ಅಳಿಸುವಂತೆ ಇಡಿ, ಹಳೇ ಕಂತು ಉಳಿಯಲೇಬಾರದು. ಯೂಟ್ಯೂಬಿನಲ್ಲಿ ಸಿಗುವ ರೇಡಿಯೋ ಕಾರ್ಯಕ್ರಮಕ್ಕೆ ಈ ಸೌಕರ್ಯ ಇಲ್ಲ. ಹಣ ಕಟ್ಟದವರ ಫೋನಿನಲ್ಲಿ ಪರದೆ ಆರಿದರೆ ದನಿಯೂ ಆರುತ್ತದೆ. ಅಲ್ಲಿ ಕಾಣುವ ತಾರೀಖು ಏರಿಸಿದ ದಿನದ್ದು, ಪ್ರಸಾರವಾದ ದಿನದ್ದೇ ಆಗಬೇಕೆಂದಿಲ್ಲ.

ಹಾಗೆಂದು ಹಳತೆಲ್ಲ ಕೆಟ್ಟದ್ದಲ್ಲ. ಅಡಿಕೆ ಧಾರಣೆಗೆ ಒಂದು ದಿನದ ಆಯುಷ್ಯ; ನಿನ್ನೆಯ ರಾಶಿ, ಚಾಲಿ, ಬೆಟ್ಟೆ ದರ ಕೇಳಿ ಇವತ್ತು ಶಿರಸಿಗೆ ಗಾಡಿ ಹೊರಡಿಸಿದರೆ ಡೀಸೆಲ್ಲೂ ಹುಟ್ಟದಿರಬಹುದು. ಆದರೆ ಕೊಳೆರೋಗದ ಮೇಲಿನ ಕೃಷಿ ಭಾಷಣ ಐದು ವರ್ಷ ಹಳೆಯದಾದರೂ ಅಷ್ಟೇ ಉಪಯೋಗ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಸುಣ್ಣದ ನೀರಿಗೆ ತುತ್ತದ ನೀರು ಸುರಿಯಬೇಕು, ಉಲ್ಟಾ ಅಲ್ಲ. ಕಬ್ಬಿಣದ ಪಾತ್ರೆ ಕೂಡದು. ಪ್ರಸಾರದ ಹೊತ್ತಿಗೆ ತೋಟದಲ್ಲಿದ್ದವನಿಗೆ ಹಿಂದೆಲ್ಲ ಇದು ತಪ್ಪಿಯೇ ಹೋಗುತ್ತಿತ್ತು. ಈಗ ಡ್ರಮ್ಮಿನ ಪಕ್ಕ ನಿಂತು ಅದೇ ವಾಕ್ಯವನ್ನು 30 ಸೆಕೆಂಡ್ ಹಿಂದೆ ಹಾಕಿ ಮತ್ತೆ ಕೇಳಬಹುದು. ಬೇಡಿದಾಗ ಸಿಗುವ ರೇಡಿಯೋದಿಂದ ನಮ್ಮ ಜಿಲ್ಲೆಗೆ ಆದ ದೊಡ್ಡ ಲಾಭ ಇದೇ ಅನ್ನುತ್ತೇನೆ. ಹಾಡು ಹೇಗೂ ಮೊದಲೂ ಸಿಗುತ್ತಿತ್ತು.

ಸಮುದ್ರಕ್ಕೆ ಇಳಿಯುವವರು ಮಾತ್ರ ಇಳಿಸಿಟ್ಟ ದನಿಯನ್ನು ನಂಬಬಾರದು. ಹವಾಮಾನ ಇಲಾಖೆ ಮೀನುಗಾರರ ಎಚ್ಚರಿಕೆಯನ್ನು ದಿನದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬದಲಿಸುತ್ತದೆ. ಎತ್ತರದ ಅಲೆಯ ಮುನ್ಸೂಚನೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನದ್ದು. ಬಂದರಿನಲ್ಲಿ ಬಿರುಗಾಳಿಯ ಎಚ್ಚರಿಕೆಯಾದ 3ನೇ ನಂಬರಿನ ಸಿಗ್ನಲ್ ಏರಿಸಿದ್ದರೆ ಫೋನು ಏನೇ ಹೇಳಲಿ, ಹಗ್ಗ ಬಿಚ್ಚುವಂತಿಲ್ಲ. ಫೋನಿನಲ್ಲಿ ಎಫ್‌ಎಂ ಇದ್ದರೆ ವೈರಿನ ಇಯರ್‌ಫೋನ್ ಒಂದು ಕಿಸೆಯಲ್ಲಿರಲಿ. ಆ ವೈರೇ ಆಂಟೆನಾ, ಟವರ್ ಸತ್ತರೂ ಅದು ಕೇಳುತ್ತದೆ. ಎಫ್‌ಎಂ ಸೌಲಭ್ಯ ಕಿತ್ತುಹಾಕಬೇಡಿ ಎಂದು ಕೇಂದ್ರದ ಐಟಿ ಸಚಿವಾಲಯ 2023ರಲ್ಲಿ ಫೋನ್ ತಯಾರಕರಿಗೆ ಹೇಳಿದ್ದೂ ವಿಪತ್ತಿನ ಹೊತ್ತನ್ನು ನೆನೆದೇ. ಆದರೂ ಇಯರ್‌ಫೋನ್ ತೂತೇ ಇಲ್ಲದ ಫೋನು ಬರುತ್ತಲೇ ಇದೆ.

ಕಂತು ತಯಾರಿಸುವವರೂ ಸ್ವಲ್ಪ ಕಿವಿಗೊಡಲಿ. ಮೊದಲ ಹತ್ತು ಸೆಕೆಂಡಿನಲ್ಲಿ ವಾರ, ತಾರೀಖು, ಹೊತ್ತು ಬಾಯಲ್ಲೇ ಹೇಳಿಬಿಟ್ಟರೆ ತಾಂಡೇಲನ ಪ್ರಶ್ನೆಗೆ ಕೆಲಸವೇ ಇರುತ್ತಿರಲಿಲ್ಲ. ಹವಾಮಾನದ ವಾಕ್ಯದೊಳಗೆ ‘ಮುಂದಿನ 24 ಗಂಟೆ’ಯ ಬದಲು ‘ಬುಧವಾರ ಬೆಳಿಗ್ಗೆ 8.30ರವರೆಗೆ’ ಅಂದರೆ ಕತ್ತರಿಸಿ ಕಳಿಸಿದ ತುಣುಕೂ ಸುಳ್ಳಾಡದು. ಶೀರ್ಷಿಕೆಯಲ್ಲಿ ತಾರೀಖು ಬರೆಯುವಾಗ ವರ್ಷ, ತಿಂಗಳು, ದಿನ ಈ ಕ್ರಮ ಇರಲಿ. ಆಗ ಕಡತಗಳು ತಾವೇ ಸಾಲಾಗಿ ನಿಲ್ಲುತ್ತವೆ.

ತಾರೀಖೇ ಬೇಡದ ಇನ್ನೊಂದು ನಮ್ಮಲ್ಲಿದೆ, ಕೂತೇ ಆಡುವ ಯಕ್ಷಗಾನ, ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಬರೀ ದನಿ. ರೇಡಿಯೋಗೆ ಹೇಳಿ ಮಾಡಿಸಿದ್ದು. ಅದಕ್ಕೆ 64 ಸಾಲದು. ಕಡಿಮೆ ಬಿಟ್‌ರೇಟಿನಲ್ಲಿ ಮೊದಲು ಹಾಳಾಗುವುದೇ ಚಂಡೆ ಮತ್ತು ತಾಳದ ಚೂಪು ಸದ್ದು, ನೀರೊಳಗೆ ಬಡಿದಂತೆ ಕೇಳುತ್ತದೆ. 128 ಸಿಕ್ಕರೆ ಅದನ್ನೇ ಆರಿಸಿ. ಮೂರು ಗಂಟೆಯ ಪ್ರಸಂಗಕ್ಕೆ 173 ಎಂಬಿ ಹೋದರೆ ಹೋಗಲಿ. ಒಂದೂವರೆ ಪಟ್ಟು ವೇಗ ಬೇಡವೇ ಬೇಡ. ಮೌನ ಕತ್ತರಿಸುವ ಸೆಟ್ಟಿಂಗ್ ಆನ್ ಇದ್ದರೆ ಈಗಲೇ ಆಫ್ ಮಾಡಿ: ಎದುರಾಳಿಯ ಮಾತಿಗೆ ಉತ್ತರ ಕೊಡುವ ಮುಂಚೆ ಅರ್ಥಧಾರಿ (ಪಾತ್ರದ ಮಾತಾಡುವವ) ನಿಲ್ಲಿಸುವ ಆ ಎರಡು ಸೆಕೆಂಡನ್ನು ಆ್ಯಪ್ ಕಸ ಎಂದು ತಿಳಿದು ನುಂಗಿಬಿಡುತ್ತದೆ.