ಗುಲ್ಮಾರ್ಗ್‌ನಲ್ಲಿ ಹಿಮ ‘ಗ್ಯಾರಂಟಿ’ ಕೇಳುವವರಿಗೆ

ಬೆಂಗಳೂರಿನ ಒಂದು ಪ್ರವಾಸ ಸಂಸ್ಥೆಯಲ್ಲಿ ಚಳಿಗಾಲದ ಕಾಶ್ಮೀರ ತಂಡಗಳ ಉಸ್ತುವಾರಿ ನನ್ನದು. ದಸರಾ ಮುಗಿಯುತ್ತಿದ್ದಂತೆ ಫೋನ್ ಕರೆಗಳು ಶುರುವಾಗುತ್ತವೆ. ಎಲ್ಲರ ಪ್ರಶ್ನೆಯೂ ಒಂದೇ: “ಸರ್, ಕ್ರಿಸ್‌ಮಸ್ ರಜೆಗೆ ಗುಲ್ಮಾರ್ಗ್‌ನಲ್ಲಿ ಹಿಮ ಗ್ಯಾರಂಟಿಯೇ?” ಇದಕ್ಕೆ ಈ ವ್ಯಾಪಾರದಲ್ಲಿ ಒಂದು ಸಿದ್ಧ ಉತ್ತರವಿದೆ: ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸೀಸನ್. ಅದು ಸುಳ್ಳಲ್ಲ, ಆದರೆ ಟಿಕೆಟ್ ತೆಗೆಸುವವರಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ.

ಅಲ್ಲಿ ಹಿಮ ದಿನಕ್ಕಿಷ್ಟು ಎಂದು ಲೆಕ್ಕ ಹಾಕಿಕೊಂಡು ಬೀಳುವುದಿಲ್ಲ. ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುವ ಮಾರುತ ವ್ಯವಸ್ಥೆಗಳು ಮೆಡಿಟರೇನಿಯನ್ ಕಡೆಯಿಂದ ಹೊರಟು, ದಾರಿಯುದ್ದಕ್ಕೂ ತೇವ ಹೀರಿಕೊಂಡು, ಪೀರ್ ಪಂಜಾಲ್ ಬೆಟ್ಟಸಾಲಿಗೆ ಬಂದು ಬಡಿಯುತ್ತವೆ. ಒಂದು ಬಲವಾದ ವ್ಯವಸ್ಥೆ ಬಂದರೆ ಎರಡು ದಿನಗಳಲ್ಲಿ ಮೊಣಕಾಲು ಮುಳುಗುವಷ್ಟು ಹಿಮ ಸುರಿಯುತ್ತದೆ. ಬರದಿದ್ದರೆ ವಾರಗಟ್ಟಲೆ ನೀಲಿ ಆಕಾಶವೇ. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನ ಸರಾಸರಿ ಮಳೆ ಎಷ್ಟೇ ಇರಲಿ, ಮದುವೆಯ ದಿನ ಸುರಿಯುತ್ತದೆಯೋ ಇಲ್ಲವೋ ಎಂಬುದು ಬೇರೆಯೇ ಮಾತು.

2024ರ ಜನವರಿ ನೆನಪಿರಬಹುದು. ತಿಂಗಳ ಬಹುಭಾಗ ಗುಲ್ಮಾರ್ಗ್‌ನ ಬಯಲು ಒಣಹುಲ್ಲಿನ ಕಂದು ಬಣ್ಣದಲ್ಲೇ ಇತ್ತು, ಆ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ಹಿಮ ಬಂದದ್ದು ತಿಂಗಳ ಕೊನೆಗೆ. 2025ರಲ್ಲಿ ಅಲ್ಲಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಫೆಬ್ರವರಿ ಕೊನೆಯಿಂದ ಮಾರ್ಚ್ 9ಕ್ಕೆ ಮುಂದೂಡಬೇಕಾಯಿತು, ಕಾರಣ ಹಿಮದ ಅಭಾವ. ಸರ್ಕಾರದ ಕ್ರೀಡಾಕೂಟಕ್ಕೇ ಗ್ಯಾರಂಟಿ ಇಲ್ಲದಿರುವಾಗ ನಾನು ಫೋನಿನಲ್ಲಿ ಯಾವ ಧೈರ್ಯದ ಮೇಲೆ ಕೊಡಲಿ?

ಹಾಗಾಗಿ ಪ್ರಶ್ನೆ ಕೇಳುವ ಸರದಿ ಈಗ ನನ್ನದು. ಹಿಮ ನೋಡಬೇಕೋ, ಹಿಮದಲ್ಲಿ ಆಡಬೇಕೋ, ಸ್ಕೀಯಿಂಗ್ ಕಲಿಯಬೇಕೋ? ಮೂರಕ್ಕೂ ತಿಂಗಳು ಬೇರೆ, ಎತ್ತರ ಬೇರೆ.

ಎತ್ತರದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಜನ ಮೊಬೈಲಿನಲ್ಲಿ ‘ಗುಲ್ಮಾರ್ಗ್’ ಎಂದು ಹುಡುಕಿ, ಕಂಡ ಒಂದು ಅಂಕಿಯನ್ನು ನಂಬಿ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಊರು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೊಲಾ ಎಂಬ ಕೇಬಲ್ ಕಾರಿನ ಮೊದಲ ಹಂತ ಕೊಂಗ್‌ಡೋರಿಯಲ್ಲಿ ಇಳಿಸುತ್ತದೆ. ಎರಡನೆಯದು ಅಫರ್ವಾಟ್ ಶಿಖರದ ಭುಜಕ್ಕೆ, ಹತ್ತಿರ ಹತ್ತಿರ 3,950 ಮೀಟರ್‌ಗೆ ಒಯ್ಯುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ ಎಂಬ ಸಾಮಾನ್ಯ ಲೆಕ್ಕ ಹಿಡಿದರೂ, ಕೆಳಗೆ ಸೊನ್ನೆ ಇದ್ದರೆ ಮೇಲೆ ಮೈನಸ್ ಎಂಟು. ಗಾಳಿ ಎದ್ದರೆ ಮೈಗೆ ಅದಕ್ಕಿಂತಲೂ ಕಡಿಮೆ. ಕೆಳಗೆ ಮಳೆ ಹನಿಯುತ್ತಿರುವಾಗ ಮೇಲೆ ಒಣ ಹಿಮ ಬೀಳುವುದು ಮಾರ್ಚ್‌ನಲ್ಲಿ ಮಾಮೂಲು. ಹಿಮ ನೋಡುವುದಷ್ಟೇ ಆಸೆ ಎನ್ನುವವರಿಗೆ ಈ ಎತ್ತರವೇ ದೊಡ್ಡ ಆಸರೆ: ಬಯಲು ಬರಿದಾಗಿದ್ದರೂ ಶಿಖರದ ಕಡೆ ಬೆಳ್ಳಗೆ ಉಳಿದಿರುವ ಸಾಧ್ಯತೆ ಹೆಚ್ಚು. ಆದರೆ ಅಷ್ಟು ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಶೇ 60ರ ಆಸುಪಾಸು ಮಾತ್ರ. ಹೃದಯದ ತೊಂದರೆ ಇರುವ ಹಿರಿಯರನ್ನು ನಾನು ಮೊದಲ ಹಂತದಲ್ಲೇ ನಿಲ್ಲಿಸಿಕೊಳ್ಳುತ್ತೇನೆ, ಮಕ್ಕಳು ಮುನಿಸಿಕೊಂಡರೂ ಸರಿ.

ಡಿಸೆಂಬರ್ 21ರಿಂದ ನಲವತ್ತು ದಿನಗಳು ಕಾಶ್ಮೀರಿಗಳ ಚಿಲ್ಲೆ ಕಲಾನ್, ಕಡುಚಳಿಯ ಕಾಲ. ಆಗ ಬಿದ್ದ ಹಿಮ ಬೇಗ ಕರಗುವುದಿಲ್ಲ. ಅದೇ ಒಂದು ಅಡಿ ಹಿಮ ಮಾರ್ಚ್‌ನಲ್ಲಿ ಬಿದ್ದರೆ ಬಿಸಿಲಿಗೆ ಬೇಗನೆ ಕುಗ್ಗುತ್ತದೆ. ಬೆಳಿಗ್ಗೆ ಗಾಜಿನಂತೆ ಗಟ್ಟಿಯಿದ್ದ ಇಳಿಜಾರು ಮಧ್ಯಾಹ್ನಕ್ಕೆ ರಾಡಿ.

ಇನ್ನು ಕಲಿಯುವವರು. ಇವರೆಲ್ಲ ಬಯಸುವುದು ಆಗತಾನೇ ಬಿದ್ದ ಆಳವಾದ ಹಿಮವನ್ನು. ಪಳಗಿದವರಿಗೆ ಅದು ಹಬ್ಬ, ಹೊಸಬರಿಗೆ ಶಿಕ್ಷೆ. ನಮ್ಮ ತಂಡದಲ್ಲಿ ದಾವಣಗೆರೆಯ ಒಬ್ಬ ಅಧ್ಯಾಪಕಿ ಇದ್ದರು. ಹಿಂದಿನ ರಾತ್ರಿಯಿಡೀ ಹಿಮ ಸುರಿದಿತ್ತು. ಅವರು ಪಕ್ಕಕ್ಕೆ ಬಿದ್ದು, ಏಳಲೆಂದು ಕೈ ಊರಿದರೆ ಕೈ ಭುಜದವರೆಗೆ ಒಳಗೆ ಹೋಯಿತು. ಇನ್ನೊಂದು ಕೈ ಊರಿದರು, ಅದೂ ಹೋಯಿತು. ತರಬೇತುದಾರ ನಕ್ಕು, ಅವರ ಎರಡೂ ಕೋಲುಗಳನ್ನು ಹಿಮದ ಮೇಲೆ ಅಡ್ಡಡ್ಡ ಮಲಗಿಸಿ, “ಮೇಡಂ, ನಡುವೆ ಕೈ ಇಟ್ಟು ಒತ್ತಿ” ಎಂದ. ಕೋಲು ಭಾರ ಹಂಚಿಕೊಂಡಿತು, ಅವರು ಎದ್ದರು, ನಾಲ್ಕು ಮಾರು ಹೋಗಿ ಮತ್ತೆ ಬಿದ್ದರು. ಕಲಿಯುವವರಿಗೆ ಬೇಕಾದದ್ದು ಎರಡು ಮೂರು ದಿನ ಹಳೆಯ, ತುಳಿದು ಗಟ್ಟಿಯಾದ ಹಿಮ, ಜೊತೆಗೆ ಬಿಸಿಲು. ಕಲಿಕೆಯ ಬ್ಯಾಚುಗಳನ್ನು ನಾನು ಫೆಬ್ರವರಿಗೆ ತಳ್ಳುವುದು ಇದೇ ಕಾರಣಕ್ಕೆ.

ಮೇಲಿನ ಇಳಿಜಾರುಗಳ ಮಾತು ಬೇರೆ, ಅಲ್ಲಿ ತಮಾಷೆ ಇಲ್ಲ. ಋತುವಿನ ಮೊದಲಲ್ಲಿ ತೆಳ್ಳಗೆ ಹಿಮ ಬಿದ್ದು, ಆಮೇಲೆ ವಾರಗಟ್ಟಲೆ ಮೋಡವಿಲ್ಲದ ಕೊರೆಯುವ ರಾತ್ರಿಗಳು ಬಂದರೆ, ನೆಲದ ಕಾವಿಗೂ ಮೇಲಿನ ಚಳಿಗೂ ಮಧ್ಯೆ ಸಿಕ್ಕ ಆ ಪದರ ಒಂದಕ್ಕೊಂದು ಅಂಟದ ಸಕ್ಕರೆ ಹರಳಿನಂಥ ಕಣಗಳಾಗುತ್ತದೆ. ಅದರ ಮೇಲೆ ಭಾರಿ ಹಿಮ ಬಂದು ಕೂತಾಗ ತಳ ಜಾರುತ್ತದೆ. ಅಫರ್ವಾಟ್‌ನಲ್ಲಿ 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು ಹಿಮಕುಸಿತಕ್ಕೆ ಬಲಿಯಾದರು. ಮರುವರ್ಷ ಅದೇ ತಿಂಗಳು ರಷ್ಯಾದ ಒಬ್ಬರು ತೀರಿಕೊಂಡರು. ಅದು ಒಣ ಜನವರಿಯ ನಂತರ ಸುರಿದ ಭಾರಿ ಹಿಮದ ಬೆನ್ನಿಗೆ. ಆದ್ದರಿಂದ ಹಿಮ ನಿಂತು ಆಕಾಶ ತಿಳಿಯಾದ ಬೆಳಿಗ್ಗೆಯೂ ಎರಡನೇ ಹಂತ ಮುಚ್ಚಿದ್ದರೆ, “ಇಷ್ಟು ಚೆನ್ನಾಗಿ ಬಿಸಿಲಿದೆಯಲ್ಲ” ಎಂದು ಕೌಂಟರಿನಲ್ಲಿ ಜಗಳ ಕಾಯುವವರನ್ನು ಪಕ್ಕಕ್ಕೆ ಕರೆದು ಇದನ್ನೆಲ್ಲ ಹೇಳುತ್ತೇನೆ. ಅರ್ಧ ಜನ ಕೇಳುತ್ತಾರೆ.

ಹಿಮ ತರುವ ಬಿರುಗಾಳಿಯೇ ಗೊಂಡೊಲಾ ನಿಲ್ಲಿಸುತ್ತದೆ, ಬೆಟ್ಟದ ಬುಡದ ಟಂಗ್‌ಮಾರ್ಗ್ ಊರಿನಿಂದ ಮೇಲಿನ 13 ಕಿಲೋಮೀಟರ್ ದಾರಿಯಲ್ಲಿ ಚಕ್ರಕ್ಕೆ ಚೈನ್ ಕಟ್ಟಿಸುತ್ತದೆ, ಶ್ರೀನಗರದ ವಿಮಾನಗಳನ್ನೂ ರದ್ದು ಮಾಡಿಸುತ್ತದೆ. ಶ್ರೀನಗರದಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರವಾಸ ಅಗ್ಗವೇನೋ ಹೌದು. ಆ ಒಂದು ದಿನ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಗುಲ್ಮಾರ್ಗ್‌ನಲ್ಲೇ ಮೂರು ರಾತ್ರಿ ಉಳಿಯುವ ಯೋಜನೆಯನ್ನು ನಾನು ಮುಂದಿಡುವುದು ಕಮಿಷನ್ನಿನ ಆಸೆಗೆ ಎಂದುಕೊಳ್ಳುವವರಿದ್ದಾರೆ. ಅವರಿಗೆ ಎರಡು ರಾತ್ರಿಗೆ ಇಳಿಸಿಕೊಡುತ್ತೇನೆ, ಊಟದ ಪ್ಯಾಕೇಜು ತೆಗೆದುಹಾಕುತ್ತೇನೆ, ಹೋಟೆಲನ್ನೂ ಬದಲಿಸುತ್ತೇನೆ. ಆದರೆ ವಾಪಸಾಗುವ ವಿಮಾನದ ಹಿಂದಿನ ರಾತ್ರಿ ಶ್ರೀನಗರಕ್ಕೆ ಇಳಿದು ಮಲಗಲೇಬೇಕು. ಅದರಲ್ಲಿ ಚೌಕಾಸಿ ಇಲ್ಲ.