ಲಗಜುವೊಯಿ: ಸುರಂಗದೊಳಗಿಂದ ಇಳಿಯುವ ಶಿಖರ

ಇಟಲಿಯ ಡೊಲೊಮೈಟ್ ಪರ್ವತಗಳಲ್ಲಿ ಯುದ್ಧದ ಕುರುಹು ನೋಡಬೇಕೆನ್ನುವವರಿಗೆ ನಮ್ಮ ಮೊದಲ ಸಲಹೆ ಪುಟ್ಟ ಲಗಜುವೊಯಿ. ಎತ್ತರ 2,778 ಮೀಟರ್. ಕೆಳಗಿನ ಫಾಲ್ಜಾರೆಗೊ ಘಾಟಿಯೇ 2,105 ಮೀಟರ್ ಎತ್ತರದಲ್ಲಿರುವುದರಿಂದ ಹತ್ತಬೇಕಾದದ್ದು 670 ಮೀಟರ್ ಅಷ್ಟೆ. ರೋಪ್‌ವೇ ಇದೆ, ಆದರೂ 402, 401ನೇ ಸಂಖ್ಯೆಯ ಬಯಲು ಹಾದಿಯಲ್ಲಿ ನಡೆದೇ ಹತ್ತಿ, ಸುರಂಗದಲ್ಲಿ ಇಳಿಯಿರಿ. ಹತ್ತಲು ಸುಮಾರು ಎರಡೂವರೆ ಗಂಟೆ ಸಾಕು.

ಮೊದಲ ಮಹಾಯುದ್ಧದಲ್ಲಿ ನೆತ್ತಿ ಆಸ್ಟ್ರಿಯನ್ನರದು, ನಡುಬಂಡೆಯ ಮಾರ್ಟಿನಿ ಅಂಚು ಇಟಲಿಯವರದು. ಒಬ್ಬರ ನೆಲೆಯನ್ನೊಬ್ಬರು ಸಿಡಿಸಲು ಇಬ್ಬರೂ ಬೆಟ್ಟ ಕೊರೆದರು. 1917ರ ಜೂನ್ 20ರಂದು ಇಟಲಿಯವರು ಸುಮಾರು 33 ಟನ್ ಸ್ಫೋಟಕ ಸಿಡಿಸಿದರು. ಅದಕ್ಕಾಗಿ ಕೊರೆದ ಸುಮಾರು 1,100 ಮೀಟರ್ ಉದ್ದದ ಸುರಂಗವೇ ಈಗಿನ ಇಳಿದಾರಿ. ಗೋಡೆಯ ಕಿಂಡಿಯಲ್ಲಿ ಇಣುಕಿದರೆ ಘಾಟಿಯ ರಸ್ತೆ ನೇರ ಕೆಳಗೆ ಕಾಣುತ್ತದೆ. ಕಾವಲುಗಾರನ ಕಣ್ಣಿಗೆ ಬೀಳುತ್ತಿದ್ದದ್ದೂ ಅದೇ.

ಹೆಲ್ಮೆಟ್, ಹೆಡ್‌ಲ್ಯಾಂಪ್ ಎರಡೂ ಬೇಕೇ ಬೇಕು. ಮೊಬೈಲ್ ಟಾರ್ಚ್ ನಂಬಬೇಡಿ: ಮೆಟ್ಟಿಲು ಕಡಿದಾದವು, ಒದ್ದೆ, ಒಂದೇ ಎತ್ತರದವಲ್ಲ, ಒಂದು ಕೈ ಉಕ್ಕಿನ ಹಗ್ಗದ ಮೇಲಿರಲೇಬೇಕು. ಜಾರುವುದು ಹೆಚ್ಚಾಗಿ ಹಗ್ಗ ಬಿಟ್ಟು ಫೋಟೊ ತೆಗೆಯುವಾಗಲೇ. ನಡಿಗೆಯ ಕೋಲುಗಳನ್ನು ಮಡಚಿ ಚೀಲಕ್ಕೆ ಹಾಕಿ. ಆಗಸ್ಟ್‌ನಲ್ಲೂ ಒಳಗೆ ಚಳಿ, ಜಾಕೆಟ್ ಇರಲಿ. ಬೇಸಿಗೆಯ ಮಧ್ಯಾಹ್ನ ಸಿಡಿಲುಮಳೆ ಸಾಮಾನ್ಯ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ನೆತ್ತಿ ಬಿಡಿ. ಜೂನ್ ಆರಂಭದಲ್ಲಿ ಸುರಂಗದ ಬಾಯಿಗಳಲ್ಲಿ ಹಿಮ ಉಳಿದಿರಬಹುದು. ಹೊರಡುವ ಮುನ್ನ ರೋಪ್‌ವೇ ನಿಲ್ದಾಣದಲ್ಲಿ ವಿಚಾರಿಸಿ.