ಕಾಟಾ ನಿಂತ ಮಧ್ಯಾಹ್ನ

ಫೆಬ್ರವರಿ ಕೊನೆಯ ವಾರ. ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಾಟಾದ (ಕಬ್ಬಿನ ಗಾಡಿ ತೂಗುವ ಯಂತ್ರದ) ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಆಪರೇಟರ್ ಫೋನ್ ಮಾಡಿದರು: "ಸರ್, ಎರಡನೇ ಕಾಟಾ ಮತ್ತೆ ನಿಂತಿತು." ನಾನು ಓಡಿಹೋಗುವಷ್ಟರಲ್ಲಿ ಯಾರ್ಡ್ ಗೇಟಿನಾಚೆಗೂ ಟ್ರ್ಯಾಕ್ಟರ್‌ಗಳ ಸಾಲು ಬೆಳೆದಿತ್ತು.

ಇಂಡಿಕೇಟರ್ ಮೇಲೆ ಗ್ರಾಸ್ ತೂಕ (ಗಾಡಿ ಸಮೇತದ ತೂಕ) ಸರಿಯಾಗಿಯೇ ಕಾಣುತ್ತಿತ್ತು. ಸ್ಲಿಪ್ ಮಾತ್ರ ಬರುತ್ತಿರಲಿಲ್ಲ, ಏಕೆಂದರೆ ಕಂಪ್ಯೂಟರ್ ಸತ್ತು ಬಿದ್ದಿತ್ತು. ಕೈಬರಹದ ಸ್ಲಿಪ್ ಕೊಡುವಂತಿಲ್ಲ. ನಮ್ಮ ಕಡೆ ರೈತರಿಗೆ ಕಾಟಾದ ಮೇಲೆ ಮೊದಲೇ ಅನುಮಾನ. ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದ ತೂಕವನ್ನು ಯಾರು ತಾನೇ ನಂಬುತ್ತಾರೆ? ನಂಬಬೇಕೆಂದು ಕೇಳುವುದೂ ತಪ್ಪು.

ಆ ಕಂಪ್ಯೂಟರ್ ಫ್ಯಾನ್ ಇಲ್ಲದ ಚಿಕ್ಕ ಪೆಟ್ಟಿಗೆ. ಅಲ್ಯೂಮಿನಿಯಂ ಕವಚವೇ ಶಾಖ ಹೊರಹಾಕುವ ಅದರ ಹೀಟ್‌ಸಿಂಕ್. ಕಬ್ಬಿನ ಸಿಪ್ಪೆಯ ಧೂಳು ಹಾರಾಡುವ ಕ್ಯಾಬಿನ್‌ಗೆ ಇಂಥದ್ದೇ ಸರಿ. ಹಿಂದಿನ ವಾರ ಕ್ಲೀನಿಂಗ್‌ಗೆಂದು ಕಾರ್ಖಾನೆ ನಿಂತಿದ್ದಾಗ ಅದನ್ನು ಬಿಚ್ಚಿ, ಪ್ರೊಸೆಸರ್ ಶಾಖವನ್ನು ಕವಚಕ್ಕೆ ದಾಟಿಸುವ, ಒಣಗಿ ಹುಡಿಯಾಗಿದ್ದ ಹಳೆಯ ಪೇಸ್ಟ್ ಒರೆಸಿ, ಅದೇ ಕೆಲಸಕ್ಕೆ ಹೊಸ ಥರ್ಮಲ್ ಪ್ಯಾಡ್ (ಮೆತ್ತನೆಯ ಹಾಳೆ) ಹಾಕಿದವನು ನಾನೇ. ಆದ್ದರಿಂದ ತಪ್ಪು ಅಲ್ಲಿರಬಹುದೆಂಬ ಯೋಚನೆ ಹತ್ತಿರವೂ ಸುಳಿಯಲಿಲ್ಲ. "ಧೂಳು ಕೂತಿದೆ, ನೀವು ಒರೆಸುವುದಿಲ್ಲ" ಎಂದು ಆಪರೇಟರ್ ಮೇಲೆ ಹರಿಹಾಯ್ದೆ. ಬ್ಲೋಅರ್ ಹಿಡಿದೆ, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟೆ. ಯಂತ್ರ ಎದ್ದಿತು. ನನ್ನ ಮಾತೇ ನಿಜವಾಯಿತೆಂದುಕೊಂಡೆ.

ನಲವತ್ತು ನಿಮಿಷಕ್ಕೆ ಮತ್ತೆ ನಿಂತಿತು. ಆಗ ಸಾಲಿನಲ್ಲಿದ್ದ ಹಿರಿಯರೊಬ್ಬರು ಕ್ಯಾಬಿನ್ ಕಿಟಕಿಗೆ ಬಂದರು. ಕೂಗಾಡಲಿಲ್ಲ. "ಸಾಹೇಬರೆ, ಕಡಿದು ಎರಡು ದಿನವಾಯಿತು. ಇಲ್ಲಿ ನಿಂತಷ್ಟು ಹೊತ್ತೂ ತೂಕ ಇಳಿಯುತ್ತದೆ" ಎಂದರು. "ಆಯಿತು ಕಾಕಾ, ಹತ್ತು ನಿಮಿಷ" ಎಂದೆ. ಆ ಹತ್ತು ನಿಮಿಷ ಎಲ್ಲಿಂದ ತರುವುದೆಂದು ನನಗೆ ಗೊತ್ತಿರಲಿಲ್ಲ. ಕಡಿದ ಕಬ್ಬು ಬಿಸಿಲಿನಲ್ಲಿ ತೇವ ಕಳೆದುಕೊಳ್ಳುತ್ತದೆ, ಸಕ್ಕರೆ ಅಂಶವೂ ಕುಗ್ಗುತ್ತದೆ. ಅವರ ಹಣ ನನ್ನ ಕಣ್ಣೆದುರೇ ಆವಿಯಾಗುತ್ತಿತ್ತು.

ಮತ್ತೆ ಚಾಲೂ ಮಾಡಿ ತಾಪ ನೋಡಿದೆ. ಪ್ರೊಸೆಸರ್ 99 ಡಿಗ್ರಿ. ಕವಚ ಮುಟ್ಟಿದರೆ ಬಿಸಿಯಿತ್ತು, ಆದರೆ ಒಳಗೆ 99 ಇದ್ದಾಗ ಇರಬೇಕಾದಷ್ಟು ಬಿಸಿ ಇರಲಿಲ್ಲ. ಶಾಖ ಕವಚಕ್ಕೆ ತಲುಪುವ ಮೊದಲೇ ತಡೆದು ನಿಂತಿತ್ತು. ಸ್ಕ್ರೂ ಬಿಚ್ಚಿದೆ. ಬೂದು ಬಣ್ಣದ ಪ್ಯಾಡ್ ಮೇಲೆ ಡೈಯ (ಪ್ರೊಸೆಸರಿನ ಸಿಲಿಕಾನ್ ತುಂಡಿನ) ಚೌಕ ಅಚ್ಚು ಮೂಡಿತ್ತು: ಒಂದು ಅಂಚಿನಲ್ಲಿ ಆಳವಾಗಿ, ಎದುರು ಅಂಚಿನಲ್ಲಿ ಉಗುರು ತಾಗಿಸಿದಷ್ಟೇ ತೆಳ್ಳಗೆ. ಪ್ಯಾಡಿನ ದಪ್ಪಕ್ಕೆ ಅದರ ಮೇಲೆ ಕೂರುವ ಕವಚದ ಪ್ಲೇಟ್ ವಾಲಿ ಕೂತಿತ್ತು.

ಆ ಪ್ಯಾಡನ್ನು ನಾನು ಆರಿಸಿದ್ದು ಲೇಬಲ್ ನೋಡಿ. ಉಷ್ಣವಾಹಕತೆ 12 ಎಂದು ಅದರ ಮೇಲಿತ್ತು. ಡ್ರಾಯರ್‌ನಲ್ಲಿದ್ದ ಪೇಸ್ಟ್‌ನದು ಬರೀ 4. ಮೂರು ಪಟ್ಟು ಉತ್ತಮವೆಂದು ಲೆಕ್ಕ ಹಾಕಿದ್ದೆ. ದಪ್ಪವನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಪ್ಯಾಡ್ 1 ಮಿಲಿಮೀಟರ್. ಒತ್ತಿ ಕೂರಿಸಿದ ಪೇಸ್ಟ್ 0.05 ಮಿಲಿಮೀಟರ್ ಆಸುಪಾಸು. ಶಾಖ ದಾಟಬೇಕಾದ ದಾರಿ ಇಪ್ಪತ್ತು ಪಟ್ಟು ಉದ್ದವಾದರೆ ಮೂರು ಪಟ್ಟು ವೇಗ ಯಾವ ಮೂಲೆಗೆ? ಡೈ ಸುಮಾರು ಒಂದು ಚದರ ಸೆಂಟಿಮೀಟರ್. 25 ವ್ಯಾಟ್ ಎಳೆದಾಗ ಆ ಪ್ಯಾಡಿನ ಎರಡು ಮುಖಗಳ ನಡುವೆಯೇ 20 ಡಿಗ್ರಿ ವ್ಯತ್ಯಾಸ ನಿಲ್ಲುತ್ತದೆ. ಪೇಸ್ಟ್‌ನಲ್ಲಿ ಮೂರು ಡಿಗ್ರಿ. ವಾಲಿ ಕೂತದ್ದು ಇದಕ್ಕೆ ಮೇಲೆ ಸೇರಿತು. ಎತ್ತರ ಒಂದೇ ಸಮ ಇಲ್ಲದ ಮೆಮೊರಿ ಚಿಪ್, ಕಾಯಿಲ್‌ಗಳ ಮೇಲಿನ ಸಂದು ತುಂಬಲು ಮಾಡಿದ ವಸ್ತುವನ್ನು ನಾನು ಡೈ ಮೇಲೆ ಅಂಟಿಸಿದ್ದೆ. ಕತ್ತರಿಸಿ ಅಂಟಿಸುವುದು ಸುಲಭವೆಂಬ ಕಾರಣವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಐಪಿಎ (ಒರೆಸುವ ಆಲ್ಕೋಹಾಲ್) ಹಾಕಿ ಒರೆಸಿ, 4 ಎಂದು ಬರೆದಿದ್ದ ಅದೇ ಪೇಸ್ಟ್ ತೆಳುವಾಗಿ ಸವರಿ, ಸ್ಕ್ರೂಗಳನ್ನು ಎದುರುಬದುರು ಸ್ವಲ್ಪಸ್ವಲ್ಪವೇ ಬಿಗಿದೆ. ಟೇಬಲ್ ಫ್ಯಾನ್ ತೆಗೆದೆ. 76 ಡಿಗ್ರಿಗೆ ನಿಂತಿತು. ಆ ಹಿರಿಯರ ಸ್ಲಿಪ್ ನಾಲ್ಕೂಕಾಲು ಗಂಟೆಗೆ ಬಂತು. ಅವರು ಅದನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟರು. ಆಪರೇಟರ್ ಬಳಿ ಹೋಗಿ, ಧೂಳಿನದಲ್ಲ, ತಪ್ಪು ನನ್ನದೆಂದು ಹೇಳಿದೆ.

ಪೇಸ್ಟ್ ಕೂಡ ಅಲ್ಲಿ ಶಾಶ್ವತವಲ್ಲ. ಬಿಸಿಯಾಗಿ ತಣ್ಣಗಾಗುವಾಗೆಲ್ಲ ಡೈ ಮತ್ತು ಪ್ಲೇಟ್ ಹಿಗ್ಗಿ ಕುಗ್ಗುತ್ತವೆ. ತೆಳು ಪೇಸ್ಟ್ ನಿಧಾನವಾಗಿ ಅಂಚಿಗೆ ಸರಿಯುತ್ತದೆ. ನಮ್ಮ ತಂಡದ ಹುಡುಗ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ (ದ್ರವ ಲೋಹ) ಹಾಕೋಣವೆಂದ. ಖಂಡಿತ ಬೇಡವೆಂದೆ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಒಳಕ್ಕೆ ನುಗ್ಗಿ ಲೋಹವನ್ನೇ ಪುಡಿಪುಡಿ ಮಾಡುತ್ತದೆ, ನಮ್ಮ ಪೆಟ್ಟಿಗೆ ಇಡೀ ಅಲ್ಯೂಮಿನಿಯಂ. ಫೇಸ್ ಚೇಂಜ್ ಹಾಳೆ ಸರಿಹೋಗುತ್ತದೆ: 45 ಡಿಗ್ರಿ ಹೊತ್ತಿಗೆ ಮೆತ್ತಗಾಗಿ, ಒತ್ತಡಕ್ಕೆ ತೆಳ್ಳಗೆ ಹರಡಿ, ಇದ್ದಲ್ಲೇ ಇರುತ್ತದೆ.

ಆ ಹಾಳೆಗೆ ಇಂಡೆಂಟ್ (ಖರೀದಿ ಬೇಡಿಕೆ) ಹಾಕಿದೆ. ಸ್ಟೋರ್ಸ್‌ನಿಂದ ಪರ್ಚೇಸ್‌ಗೆ ಹೋಗಿ ಮೂರು ಕೊಟೇಶನ್‌ಗಳ ಪಟ್ಟಿಯಾಗಿ ನನ್ನ ಸಹಿಗೆ ಮರಳಿ ಬಂತು. ಎರಡೇ ಕಾಲಂ: ದರ ಮತ್ತು ಉಷ್ಣವಾಹಕತೆ. ಅತಿ ಹೆಚ್ಚು ಅಂಕಿ, ಅತಿ ಕಡಿಮೆ ದರ ಇದ್ದದ್ದಕ್ಕೆ ಟಿಕ್ ಹಾಕಿದ್ದರು. ಅದು ಒಂದೂವರೆ ಮಿಲಿಮೀಟರ್ ಪ್ಯಾಡ್. ಸಹಿ ಮಾಡದೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ಮೂರನೇ ಕಾಲಂ ಗೆರೆ ಎಳೆದು, 'ದಪ್ಪ' ಎಂದು ಬರೆದು ವಾಪಸು ಕಳಿಸಿದೆ.